ಅಯ್ಯನವರು ಷೂ ಕಟ್ಟಿಕೊಳ್ಳುವಷ್ಟು ಹೊತ್ತು

ಅವರು ಷೂ ಹಾಕಿಕೊಳ್ಳುವುದನ್ನು ನೀವು ನೋಡಬೇಕಿತ್ತು. ಕಪ್ಪು ಬಣ್ಣದ, ಲೇಸ್ ಕಟ್ಟುವ, ಹಳೆಯ ಕಾಲದ ಹೆಡ್ ಮೇಷ್ಟ್ರುಗಳು ಹಾಕುತ್ತಿದ್ದಂಥ ಷೂ. ಯಾರ ಮನೆಗೆ ಹೋದರೂ ಹೊಸಿಲಾಚೆ ಅದನ್ನು ಬಿಚ್ಚಿ ಒಳಗೆ ಹೋಗಲು ಅವರಿಗೆ ಕ್ಷಣ ಸಾಕು. ಹೊರಡುವಾಗ ಮಾತ್ರ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಂದು ಕಾಲಿಗೆ ಹಾಕಿ, ಲೇಸ್ ಎಳೆದು, ಸರಿಯಿಲ್ಲವೆಂದು ಬಿಚ್ಚಿ, ಮತ್ತೆ ಕಟ್ಟಿ, ಇನ್ನೊಂದು ಕಾಲಿಗೆ ಕೈ ಹಾಕುವಷ್ಟರಲ್ಲಿ ಬೀಳ್ಕೊಡಲು ಬಂದವರು ನಿಂತೂ ನಿಂತೂ ಗೋಡೆಗೆ ಒರಗಿರುತ್ತಿದ್ದರು. ಗುಬ್ಬಿಯಂಥ ಊರಿನಲ್ಲಿ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಓಡಾಡುವಾಗ ಈ ಮನುಷ್ಯನಿಗೇಕೆ ಈ ಫಜೀತಿ ಎಂದು ನಾನೂ ನಕ್ಕಿದ್ದೆ.

"ನಗಬೇಡಿ ಡಾಕ್ಟ್ರಮ್ಮ," ಅಂದರು. "ಒಳಗೆ ಕೂತಾಗ ಜನ ಮಗಳ ಮಾರ್ಕ್ಸು, ಬೋರ್‌ವೆಲ್ಲು, ಇದೇ ಮಾತಾಡ್ತಾರೆ. ಕಾಫಿ ಕೊಡ್ತಾರೆ. ನಾನು ಪ್ರಾರ್ಥನೆ ಮಾಡ್ತೀನಿ, ಆಮೆನ್ ಅಂತಾರೆ. ನಿಜವಾದ ಮಾತು ಬರೋದು ನಾನು ಎದ್ದು ಬಾಗ್ಲಿಗೆ ಬಂದ್ಮೇಲೆ. 'ಅಯ್ಯನವ್ರೇ, ಇನ್ನೊಂದ್ ವಿಷ್ಯ ಇತ್ತು' ಅಂತ. ಚಪ್ಪಲಿ ಆದ್ರೆ ಅಷ್ಟೊತ್ತಿಗೆ ನಾನು ಗೇಟ್ ದಾಟಿರ್ತೀನಿ. ಅದಕ್ಕೇ ಷೂ ತಗೊಂಡೆ."

ನನ್ನ ನಗು ನಿಂತುಹೋಯಿತು. ನಾನು ಮನೋಚಿಕಿತ್ಸಕಿ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ, ಶನಿವಾರ ಮಾತ್ರ ಕುಣಿಗಲ್ಲಿನ ಒಂದು ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಕೂರುತ್ತೇನೆ. ಬಂದವರು ಮುಕ್ಕಾಲು ಗಂಟೆ ಏನೇನೋ ಹೇಳಿ, ಎದ್ದು ಬಾಗಿಲ ಹಿಡಿಗೆ ಕೈ ಹಾಕಿದ ಮೇಲೆ ಅಸಲು ಮಾತು ಆಡುತ್ತಾರೆ ಎಂಬುದನ್ನು ನಾವು ಓದಿ ಪರೀಕ್ಷೆ ಬರೆದಿದ್ದೇವೆ. ಬರೆದು ಪಾಸಾಗಿ, ಹೊತ್ತಾಯಿತು, ಮುಂದಿನ ವಾರ ಮಾತಾಡೋಣ ಎಂದು ಬಾಗಿಲು ತೆರೆಯುತ್ತೇವೆ. ಅವರು ಎಲ್ಲೂ ಓದದೆ ಅಂಗಡಿಗೆ ಹೋಗಿ ಷೂ ಕೊಂಡಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ಜನರ ನಡುವೆ ಹೆಸರು ಹೇಳಿದ್ದರಿಂದಲೇ ಅವರ ಬಾಳು ಕೆಟ್ಟದ್ದು. ಚರ್ಚಿಗೆ ಸೇರಿದ ಕುಟುಂಬಗಳನ್ನೆಲ್ಲ ಒಟ್ಟಾಗಿ ಅವರಲ್ಲಿ ಸಭೆ ಎನ್ನುತ್ತಾರೆ, ಸಭೆಯನ್ನು ನೋಡಿಕೊಳ್ಳುವವರನ್ನು ಅಯ್ಯನವರು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತಿದ್ದೆ.

ಮೊದಲ ಸಲ ಅವರು ಶೆಟ್ಟಿಹಳ್ಳಿಗೆ ಬಂದದ್ದು ಸುಧೀರ ಎಂಬ ಯುವಕನನ್ನು ಕರೆದುಕೊಂಡು. ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ಅವನು ನಿದ್ದೆ ಬಿಟ್ಟು, ಜೊತೆಗಾರರೆಲ್ಲ ತನ್ನನ್ನು ಮುಗಿಸಲು ಹೊಂಚು ಹಾಕಿದ್ದಾರೆ ಎಂದು ಊಟದ ತಟ್ಟೆ ಎಸೆಯುವ ಹಂತಕ್ಕೆ ಬಂದಿದ್ದ. ಜೊತೆಗೆ ಅವನ ತಾಯಿ ರಾಹೇಲಮ್ಮ, ನಿವೃತ್ತ ಶಾಲಾ ಶಿಕ್ಷಕಿ. ಆಕೆ ಉಪವಾಸ ಪ್ರಾರ್ಥನೆ ಮಾಡಿ, ಯಾವುದೋ ಊರಿನ ದೆವ್ವ ಬಿಡಿಸುವವನ ಮುಂದೆ ಮಗನನ್ನು ಕೂರಿಸಿ, ತಲೆಗೆ ಎಣ್ಣೆ ಸುರಿಸಿ, ಕೆನ್ನೆಗೆ ಏಟು ಹಾಕಿಸಿಯೂ ಬಂದಿದ್ದರು. ನಮ್ಮದು ವಿಭೂತಿ ಹಚ್ಚುವ ಮನೆತನ, ಆದರೆ ಅಂತ್ರ ತಾಯಿತದವರನ್ನು ಕಂಡರೆ, ಅವರು ಯಾವ ದೇವರ ಕಡೆಯವರಾದರೂ, ನನಗೆ ಮೈ ಉರಿಯುತ್ತದೆ. ಆ ಉರಿಯಲ್ಲೇ ಕೇಳಿದೆ: "ಎಣ್ಣೆ ಹಚ್ಚೋದು ಮುಗೀತಾ ಫಾದರ್?"

"ಫಾದರ್ ಅಲ್ಲ ಡಾಕ್ಟ್ರಮ್ಮ, ನನಗೆ ಮದುವೆ ಆಗಿದೆ," ಅಂದರು. "ಎಣ್ಣೆ ನಾನು ಹಚ್ಚಿದ್ದಲ್ಲ. ಪ್ರಾರ್ಥನೆ ಮಾಡಿದ್ದೀನಿ, ಮುಂದಕ್ಕೂ ಮಾಡ್ತೀನಿ, ಅದು ನನ್ನ ಕೆಲಸ. ಅವನಿಗೆ ನಿದ್ದೆ ಬರಂಗೆ ಮಾಡೋದು ನಿಮ್ಮ ಕೆಲಸ."

ನಾನು ಡಾಕ್ಟರಲ್ಲ, ಮಾತ್ರೆ ಕೊಡುವ ಮನೋವೈದ್ಯರು ಬೇರೆ ಇದ್ದಾರೆ ಎಂದು ಎಷ್ಟು ಸಲ ಹೇಳಿದರೂ ನಾನು ಅವರಿಗೆ ಡಾಕ್ಟ್ರಮ್ಮನೇ. ಸುಧೀರ ಒಳಗೆ ಮಾತಾಡುವಾಗ ಅವರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಹೊರಬಂದ ಮೇಲೆ ಏನು ಹೇಳಿದ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ, ಎಲ್ಲರೂ ಕೇಳುತ್ತಾರೆ. ಅವರು ಕೇಳಿದ್ದು, ಮುಂದಿನ ಸಲ ಯಾವ ಬಸ್ಸಿಗೆ ಬಂದರೆ ಅನುಕೂಲ ಎಂದಷ್ಟೇ.

ಸುಧೀರ ಚೇತರಿಸಿಕೊಂಡು ಲೇತಿಗೆ ಮರಳಿದ. ರಾಹೇಲಮ್ಮ ಚರ್ಚಿನಲ್ಲಿ ಎದ್ದು ನಿಂತು, ಉಪವಾಸ ಪ್ರಾರ್ಥನೆಯಿಂದ ಮಗ ಗುಣವಾದ ಎಂದು ಸಾಕ್ಷಿ ಹೇಳಿದರಂತೆ. ಕೇಳಿ ನಾನು ಕಿಡಿಕಿಡಿಯಾದೆ. ಅವರು ಫೋನಿನಲ್ಲೇ ನಕ್ಕರು. "ಮಾತ್ರೆ ನುಂಗ್ತಾ ಇದ್ದಾನಲ್ಲ, ಬುಡಿ. ಹೆಸರು ದೇವರಿಗೆ ಹೋದ್ರೆ ನಿಮಗೇನ್ ನಷ್ಟ? ಅವನು ನಿಮ್ಮ ಪಕ್ಕ ಕ್ಲಿನಿಕ್ ಹಾಕಲ್ಲ."

ಆಮೇಲೆ ವರ್ಷಗಟ್ಟಲೆ ಅವರು ಜನರನ್ನು ತರುತ್ತಿದ್ದರು. ಹಾಗಲವಾಡಿ ಕಡೆಯಿಂದ ಒಬ್ಬಾಕೆ, ಹೆರಿಗೆಯಾದ ಮೇಲೆ ಮಗುವನ್ನು ಮುಟ್ಟಲು ಹೆದರುತ್ತಿದ್ದವಳು. ಕುಡಿತ ಬಿಡಲಾರದ ಒಬ್ಬ ಗುಮಾಸ್ತ. ಸಭೆಯ ಕಮಿಟಿಯಲ್ಲೇ ಇದ್ದ ಒಬ್ಬ ದೊಡ್ಡ ಮನುಷ್ಯರ ಮಗಳು. ಎಲ್ಲರನ್ನೂ ಬಸ್ಸಿನಲ್ಲಿ ಕರೆತಂದು, ಬೆಂಚಿನ ಮೇಲೆ ಕಾದು, ವಾಪಸ್ಸು ಕರೆದುಕೊಂಡು ಹೋಗುತ್ತಿದ್ದರು. ಗುಬ್ಬಿಯಲ್ಲಿ ಯಾರಾದರೂ ಕೇಳಿದರೆ ತುಮಕೂರಿನಲ್ಲಿ ಆಸ್ಪತ್ರೆ ಭೇಟಿ ಇತ್ತು ಎನ್ನುತ್ತಿದ್ದರು. ಅದು ಸುಳ್ಳಾಗಿರಲಿಲ್ಲ.

ಬೆಂಚು ಖಾಲಿಯಾದ ಮೇಲೆ ನಾವಿಬ್ಬರೂ ಜಗಳವಾಡುತ್ತಿದ್ದೆವು. ನೀವು ಬಂದವರಿಗೆಲ್ಲ ಉತ್ತರ ಕೊಟ್ಟುಬಿಡುತ್ತೀರಿ, ತಪ್ಪು ಒಪ್ಪು ತೀರ್ಮಾನಿಸುತ್ತೀರಿ, ನಾವು ಹಾಗೆ ಮಾಡುವುದಿಲ್ಲ ಎಂದು ಒಮ್ಮೆ ಜೋರಾಗಿಯೇ ಹೇಳಿದೆ.

"ನಿಮ್ಮ ಹತ್ರ ಅತ್ತೋರು ಎದ್ದು ಹೋದ್ರೆ ಮತ್ತೆ ರೋಡಲ್ಲೂ ಸಿಗಲ್ಲ," ಅಂದರು. "ನನ್ನ ಹತ್ರ ಅತ್ತೋರು ಭಾನುವಾರ ನನ್ನೆದುರಿಗೇ ಬೆಂಚಲ್ಲಿ ಕೂತಿರ್ತಾರೆ. ನಾನು ಕುಡಿತ ಅಂದ್ರೆ ಒಬ್ಬ ತಲೆ ತಗ್ಗಿಸ್ತಾನೆ. ಅತ್ತೆ ಸೊಸೆ ಅಂದ್ರೆ ಇನ್ನೊಬ್ಬಳು. ಕೋಪ ಅಂತೂ ಅನ್ನೋ ಹಂಗೇ ಇಲ್ಲ. ತೀರ್ಮಾನ ಎಲ್ಲಿಂದ ಮಾಡ್ಲಿ? ಪಾಪಗಳೆಲ್ಲ ಒಂದೊಂದಾಗಿ ಯಾರ್ಯಾರದೋ ಆಗೋದ್ವು. ಈಗ ನಾನು ಬೋಧನೆ ಮಾಡೋದು ಬರೀ ಹೂವು, ಹಕ್ಕಿ, ದೇವರ ಪ್ರೀತಿ. ಸಪ್ಪೆ ಅಂತ ಕಮಿಟಿಯೋರು ಬೈತಾರೆ."

ಅದು ನಿಜವೇ ಆಗಿತ್ತು. ಅವರ ಬೋಧನೆ ಸಪ್ಪೆ, ಬೇರೆ ಊರಿನ ಬೋಧಕರು ಗುಡುಗಿದ ಹಾಗೆ ಮಾತಾಡುತ್ತಾರೆ ಎಂದು ಸಭೆಯಲ್ಲಿ ದೂರು ಇತ್ತು. ಹೇಳಿಕೊಂಡವರೇ ದೂರಿದರು. ಅವರು ಹೊಟ್ಟೆಯಲ್ಲಿಟ್ಟುಕೊಂಡ ಒಂದೊಂದು ಗುಟ್ಟಿಗೂ ಅವರ ಬಾಯಿಂದ ಒಂದೊಂದು ಮಾತು ಕಡಿಮೆಯಾಗಿತ್ತು.

ಇನ್ನೊಂದು ಜಗಳ ಅವರಿಗೆ ಸಭೆಯ ಜೊತೆಗೇ ಇತ್ತು. ಭಾನುವಾರದ ಆರಾಧನೆಯ ಕೊನೆಯಲ್ಲಿ ಅಲ್ಲಿ ವಿಜ್ಞಾಪನೆಯ ಹೊತ್ತು ಎಂದಿದೆ. ಯಾರು ಬೇಕಾದರೂ ಎದ್ದು ನಿಂತು, ಇಂಥವರಿಗಾಗಿ, ಇಂಥ ಕಷ್ಟಕ್ಕಾಗಿ ಎಂದು ಗಟ್ಟಿಯಾಗಿ ಪ್ರಾರ್ಥಿಸಬಹುದು, ಉಳಿದವರು ಆಮೆನ್ ಎನ್ನಬೇಕು. ಒಳ್ಳೆಯ ಪದ್ಧತಿಯೇ. ಆದರೆ ಯಾರ ಗರ್ಭ ನಿಂತಿತು, ಯಾರ ಗಂಡ ಮನೆಗೆ ಬರುತ್ತಿಲ್ಲ, ಯಾರ ಮಗಳು ಯಾರ ಬೈಕಿನಲ್ಲಿ ಕಂಡಳು ಎಂಬುದೆಲ್ಲ ಕಣ್ಣು ಮುಚ್ಚಿಕೊಂಡ ಜನರ ನಡುವೆ ಭಕ್ತಿಯಿಂದ ಊರಿನ ಕಿವಿಗೆ ಬೀಳುತ್ತಿತ್ತು. ಇವರು ಹೆಸರು ಹೇಳದೆ "ಒಬ್ಬ ತಾಯಿಗಾಗಿ," "ಒಬ್ಬ ಮಗನಿಗಾಗಿ" ಎಂದಷ್ಟೇ ಪ್ರಾರ್ಥಿಸುತ್ತಿದ್ದರು. ಎಲ್ಲರೂ ಹಾಗೆಯೇ ಮಾಡಿ ಎಂದು ಒಮ್ಮೆ ಹೇಳಿ ನೋಡಿದರು. "ಹೆಸ್ರು ಹೇಳ್ದೆ ಇದ್ರೆ ದೇವ್ರಿಗೆ ಯಾರು ಅಂತ ಗೊತ್ತಾಗೋದು ಹೆಂಗೆ ಅಯ್ಯನವ್ರೇ?" ಎಂದು ರಾಹೇಲಮ್ಮನೇ ಕೇಳಿದರಂತೆ. ಇದನ್ನು ನನಗೆ ಹೇಳಿ ಅಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಒಂದು ಬೆಳಿಗ್ಗೆ ಯಾವುದೋ ಕೆಲಸಕ್ಕೆ ಗುಬ್ಬಿಗೆ ಹೋದವಳು ಅವರ ಮನೆಗೂ ಹೋದೆ. ಜಗುಲಿಯ ಮೇಲೆ ಆಗಲೇ ಯಾರೋ ಇಬ್ಬರು ಕಾಯುತ್ತಿದ್ದರು. ಇವರು ಯಾರದೋ ಮನೆಯ ಭೇಟಿಗೆ ಹೊರಟಿದ್ದರು. ಕಾಲನ್ನು ಷೂಗೆ ತುರುಕಿ, ಲೇಸನ್ನು ಹೇಗೋ ಸಿಕ್ಕಿಸಿ, "ಕೂತಿರಿ ಡಾಕ್ಟ್ರಮ್ಮ, ಹಿಂಗ್ ಹೋಗಿ ಹಂಗ್ ಬಂದೆ," ಎಂದು ಮೆಟ್ಟಿಲಿಳಿದರು. ಅಡುಗೆಮನೆಯಿಂದ ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು "ರೀ, ಒಂದ್ನಿಮಿಷ," ಅಂದರು. "ಬಂದ್ಮೇಲೆ ಹೇಳೇ," ಎಂಬ ಉತ್ತರ ಸ್ಕೂಟರಿನ ಸದ್ದಿನಲ್ಲಿ ಬಂತು. ಆಕೆ ನನಗೆ ಕಾಫಿ ಕೊಟ್ಟು, ಜಗುಲಿಯ ಇಬ್ಬರಿಗೂ ಕೊಟ್ಟು ಒಳಗೆ ಹೋದರು.

ಮುಂದೊಂದು ಶನಿವಾರ ಕುಣಿಗಲ್ಲಿನ ನನ್ನ ಕೋಣೆಗೆ ಅವರೊಬ್ಬರೇ ಬಂದರು. ಗುಬ್ಬಿಯ ಜನ ದಿನಾ ತುಮಕೂರಿಗೆ ಓಡಾಡುತ್ತಾರೆ, ಕುಣಿಗಲ್ಲಿನಲ್ಲಿ ಅವರಿಗೆ ಏನೂ ಕೆಲಸವಿರುವುದಿಲ್ಲ. ಅಷ್ಟನ್ನು ಯೋಚಿಸಿಯೇ ಬಂದಿದ್ದರು. ಇವತ್ತು ಯಾರನ್ನು ಕರೆತಂದಿರಿ ಎಂದು ಕೇಳಿದೆ.

"ಇವನನ್ನೇ," ಎಂದು ತಮ್ಮ ಎದೆ ಮುಟ್ಟಿಕೊಂಡು, ರೋಗಿಗಳ ಕುರ್ಚಿಯಲ್ಲಿ ಕೂತರು.

ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸ್ಕೂಟರ್ ನಿಲ್ಲಿಸಿದ ಮೇಲೆ ಇಳಿಯಲು ಮನಸ್ಸಾಗುವುದಿಲ್ಲ ಎಂದೆಲ್ಲ ಹೇಳಿದರು. ಹೊತ್ತು ಮುಗಿಯಿತು. ಬಾಗಿಲಾಚೆ ಮೆಟ್ಟಿಲ ಮೇಲೆ ಕೂತು ಷೂ ಹಾಕಿಕೊಳ್ಳತೊಡಗಿದರು. ನಾನು ಬಾಗಿಲಲ್ಲಿ ನಿಂತೆ, ಕಾದೆ. ಎರಡನೆಯ ಲೇಸ್ ಕಟ್ಟುವಾಗ ತಲೆ ಎತ್ತದೆ ಹೇಳಿದರು: "ಪ್ರಾರ್ಥನೆ ಮಾಡ್ವಾಗ ಆ ಕಡೆ ಯಾರೂ ಇಲ್ಲ ಅನ್ಸುತ್ತೆ ಡಾಕ್ಟ್ರಮ್ಮ. ಜನ ಆಮೆನ್ ಅಂತಾರೆ. ನಾನು ಮೋಸ ಮಾಡ್ತಿದೀನಿ ಅನ್ಸುತ್ತೆ."

ಮನೋವೈದ್ಯರು ಖಿನ್ನತೆಗೆ ಮಾತ್ರೆ ಬರೆದುಕೊಟ್ಟರು. ಶನಿವಾರಗಳಲ್ಲಿ ನನ್ನ ಜೊತೆ ಮಾತು. ದೇವರ ವಿಷಯದಲ್ಲಿ ನಾನೇನು ಹೇಳಲಿ? ಇದ್ದಾನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಆದರೆ ಅವರು ನಿದ್ದೆ ಮಾಡಿದರು, ತಿಂದರು, ನನ್ನನ್ನು ಮತ್ತೆ ಗೇಲಿ ಮಾಡಲು ಶುರುಮಾಡಿದರು. ಒಂದು ಶನಿವಾರ "ಆ ಕಡೆ ಯಾರೋ ಕೆಮ್ಮಿದಂಗಾಯ್ತು" ಅಂದರು. ಅವತ್ತು ನನಗೆ ಆದಷ್ಟು ಸಂತೋಷ ನನ್ನ ಯಾವ ರೋಗಿಯಿಂದಲೂ ಆಗಿಲ್ಲ.

ಅದೇ ತಿಂಗಳ ಒಂದು ಭಾನುವಾರ, ವಿಜ್ಞಾಪನೆಯ ಹೊತ್ತಿನಲ್ಲಿ, ರಾಹೇಲಮ್ಮ ಎದ್ದು ನಿಂತರು. ಅಲ್ಲಿದ್ದ ಸುಧೀರ ಮರುದಿನವೇ ಬಂದು ಅಳುತ್ತ ನನಗೆ ಹೇಳಿದ. ಆಕೆಗೆ ಕೇಡು ಬಗೆಯುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ, ಅದೇ ನನಗೆ ಇವತ್ತಿಗೂ ನುಂಗಲಾಗದ ಕಹಿ. ಕಣ್ಣೀರಿಡುತ್ತ, ಕೈ ಎತ್ತಿ, ಅಯ್ಯನವರ ಪೂರ್ತಿ ಹೆಸರು ಹಿಡಿದು ಪ್ರಾರ್ಥಿಸಿದರು. "ಕರ್ತನೇ, ನಮ್ಮ ಅಯ್ಯನವರ ತಲೆಯ ಕಾಯಿಲೆಯನ್ನ ಮುಟ್ಟಿ ಗುಣಪಡಿಸು. ಅವರು ನುಂಗ್ತಾ ಇರೋ ಮಾತ್ರೆಯಿಂದ ಅವರನ್ನ ಬಿಡಿಸು ತಂದೆಯೇ." ಅಭ್ಯಾಸಬಲ, ಸಭೆಯೆಲ್ಲ ಆಮೆನ್ ಅಂದಿತು. ಅಂದಮೇಲೆ ಎಲ್ಲರೂ ಕಣ್ಣು ಬಿಟ್ಟು ಅಯ್ಯನವರನ್ನು ನೋಡಿದರಂತೆ. ಅವರು ಕೈ ಎತ್ತಿ ಕೊನೆಯ ಆಶೀರ್ವಾದ ಹೇಳಿ ಮುಗಿಸಿದರು.

ಮಧ್ಯಾಹ್ನದ ಊಟದ ಹೊತ್ತಿಗೆ ಸಭೆಯ ವಾಟ್ಸಾಪ್ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಸಂಜೆಗೆ ಕಮಿಟಿ. ಅಯ್ಯನವರ ಪ್ರಾರ್ಥನೆಗೇ ಶಕ್ತಿ ಇಲ್ಲವೆಂದಮೇಲೆ ನಮ್ಮ ಗತಿ ಏನು, ತಲೆ ನೆಟ್ಟಗಿಲ್ಲದವರ ಕೈಯಿಂದ ಆರಾಧನೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ ತೆಗೆದುಕೊಳ್ಳುವುದು ಹೇಗೆ ಎಂದೆಲ್ಲ ಮಾತಾಯಿತು.

ನಾನು ಸುಮ್ಮನಿರಲಿಲ್ಲ. ಅವರ ಒಪ್ಪಿಗೆ ಕೇಳಿಕೊಂಡು ಕಮಿಟಿಯ ಕಾರ್ಯದರ್ಶಿಗೆ ಫೋನು ಮಾಡಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿದ ಹಾಗೆಯೇ ಇದು, ಅವರು ಈಗ ಚೆನ್ನಾಗಿದ್ದಾರೆ ಎಂದು ಹೇಳಿದೆ.

"ಮೇಡಂ, ಇದು ನಮ್ಮ ಒಳಗಿನ ವಿಷ್ಯ," ಅಂದ ಆತ. "ಅಲ್ಲ, ಅವರು ಇಷ್ಟು ವರ್ಷ ಇಲ್ಲಿ ಏನ್ ಮಾಡವ್ರೆ ಅಂತ ನೀವು ಅವರ ಪರ ಮಾತಾಡ್ತೀರ? ಒಂದ್ ಕಟ್ಟಡ ಕಟ್ಟಿಸಿಲ್ಲ. ಬೋಧನೆನೂ ಸಪ್ಪೆ."

ಆತನ ಮಗಳೇ ಆ ಬೆಂಚಿನ ಮೇಲೆ ಕೂತವಳು. ಅಯ್ಯನವರು ಕೈಹಿಡಿದು ಬಸ್ಸು ಹತ್ತಿಸಿ ಕರೆತಂದ ಹುಡುಗಿ. ಈಗ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಅವಳು ನನ್ನಲ್ಲಿಗೆ ಬರುತ್ತಿದ್ದದ್ದು ಅವಳ ತಾಯಿಗೆ ಗೊತ್ತಿತ್ತು, ಆತನಿಗೆ ಗೊತ್ತಿರಲಿಲ್ಲ. ಹೇಳಲು ನನಗೆ ಬಾಯಿಲ್ಲ. ಕಮಿಟಿಯ ಬೇರೆ ಎರಡು ಮೂರು ಮನೆಗಳಿಗೆ ಎಲ್ಲವೂ ಗೊತ್ತಿತ್ತು. ಅವರೂ ಬಾಯಿ ಬಿಡಲಿಲ್ಲ. ಅಯ್ಯನವರು ಒಳ್ಳೆಯವರು ಎನ್ನಬೇಕಾದರೆ ತಮ್ಮ ಮನೆಗೆ ಏನು ಮಾಡಿದರು ಎಂದು ಹೇಳಬೇಕು, ಅದನ್ನು ಹೇಳಿದರೆ ತಮ್ಮ ಮನೆಯ ಗುಟ್ಟು ಹೇಳಬೇಕು. ಗುಟ್ಟನ್ನು ಅಯ್ಯನವರು ಎಷ್ಟು ಚೆನ್ನಾಗಿ ಕಾಪಾಡಿದ್ದರೆಂದರೆ, ಅವರು ಏನಾದರೂ ಮಾಡಿದ್ದಾರೆ ಎಂಬುದಕ್ಕೇ ಸಾಕ್ಷಿ ಉಳಿದಿರಲಿಲ್ಲ. ಸುಧೀರನೊಬ್ಬ ಅವರ ಪರವಾಗಿ ಎದ್ದು ನಿಂತನಂತೆ. "ಕೂತ್ಕೊಳಪ್ಪ, ನಿನಗೂ ತಲೆ ನೆಟ್ಟಗಿರಲಿಲ್ಲ" ಎಂದರಂತೆ.

ಸುದ್ದಿ ಹೊರಬಿದ್ದದ್ದು ಎಲ್ಲಿಂದ ಎಂದು ನಾನು ತಲೆ ಕೆಡಿಸಿಕೊಂಡೆ. ನನ್ನಿಂದಲ್ಲ, ಮನೋವೈದ್ಯರಿಂದಲ್ಲ. ರಾಹೇಲಮ್ಮನಿಗೆ ಯಾರು ಹೇಳಿದರು ಎಂದು ಅಯ್ಯನವರನ್ನೇ ಕೇಳಿದೆ. "ಬುಡಿ ಡಾಕ್ಟ್ರಮ್ಮ," ಅಂದರು. ಅವರ ಮೇಲೂ ನನಗೆ ಸಿಟ್ಟಿದೆ. ಕಮಿಟಿಯ ಮುಂದೆ ಅವರು ಒಂದು ಮಾತೂ ಆಡಲಿಲ್ಲ. ತಪ್ಪು ಒಪ್ಪಿಕೊಂಡವರ ಹಾಗೆ ಸಭೆ ಬಿಡುವ ಕಾಗದಕ್ಕೆ ಸಹಿ ಹಾಕಿ ಬಂದರು.

ಅವರನ್ನು ತುಮಕೂರಿನಲ್ಲಿ ಚರ್ಚಿನವರದೇ ಒಂದು ವಿದ್ಯಾರ್ಥಿನಿಲಯದ ಆಫೀಸಿನಲ್ಲಿ ಕೂರಿಸಿದರು. ಅಲ್ಲಿ ಅಕ್ಕಿ, ಬೇಳೆ, ಗ್ಯಾಸ್ ಸಿಲಿಂಡರಿನ ಉಸ್ತುವಾರಿ. ಸ್ವಲ್ಪ ಕಾಲಕ್ಕೆ ಅದನ್ನೂ ಬಿಟ್ಟು, ಯಾರೂ ಗುರುತಿಲ್ಲದ ಊರು ಎಂದು ಕುಣಿಗಲ್ಲಿನಲ್ಲೇ ಬಾಡಿಗೆ ಮನೆ ಹಿಡಿದರು. ಶನಿವಾರ ನನ್ನಲ್ಲಿಗೆ ಬಂದಾಗ ಕಾಲಲ್ಲಿ ಹವಾಯಿ ಚಪ್ಪಲಿ. ಷೂ ಎಲ್ಲಿ ಎಂದೆ. "ಯಾರ ಮನೆಗೆ ಹೋಗ್ಬೇಕು ಹೇಳಿ," ಅಂದರು. ಮಾತ್ರೆ ನಿಲ್ಲಿಸಲಿಲ್ಲ, ಮಾತು ಕಡಿಮೆಯಾಯಿತು. ಹೋದ ತಿಂಗಳು ಬೆಳಿಗ್ಗೆ ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು.

ಮಣ್ಣು ಮಾಡಿದ್ದು ಗುಬ್ಬಿಯಲ್ಲೇ. ಕಾರ್ಯದರ್ಶಿ ಉದ್ದ ಭಾಷಣ ಮಾಡಿದ. ನಮ್ಮೆಲ್ಲರ ನೋವು ಕೇಳಿದ ಕುರುಬ, ನಾವು ಅವರ ಮಂದೆ ಎಂದ. ಕಾಲಿಗೆ ಷೂ ಹಾಕಿ, ಲೇಸ್ ಬಿಗಿಯಾಗಿ ಕಟ್ಟಿ ಮಲಗಿಸಿದ್ದರು. ಹೂವಿನ ಹಾರಗಳು ಹೆಚ್ಚಾಗಿ ಪಕ್ಕದ ಸಮಾಧಿಯ ಮೇಲೂ ಹಾಕಿದ್ದರು. ನಾನು ಯಾರ ಜೊತೆಗೂ ಮಾತಾಡದೆ ಬಸ್ಸು ಹತ್ತಿದೆ.

ಒಂದು ವಾರದ ಮೇಲೆ, ಶನಿವಾರ ಮಧ್ಯಾಹ್ನ, ಕುಣಿಗಲ್ಲಿನ ಅವರ ಮನೆಗೆ ಹೋದೆ. ಸಭೆಯವರು ಸಾಂತ್ವನದ ಪ್ರಾರ್ಥನೆಗೆಂದು ವ್ಯಾನಿನಲ್ಲಿ ಬಂದಿದ್ದರು, ರಾಹೇಲಮ್ಮನೂ ಇದ್ದರು. ಹಾಡಿದರು, ಕಣ್ಣು ಮುಚ್ಚಿದರು, ಆಮೆನ್ ಅಂದರು, ಬಿಸ್ಕತ್ತು ತಿಂದರು. ಅಯ್ಯನವರ ಹೆಂಡತಿ ಒಂದು ಮೂಲೆಯಲ್ಲಿ ಕೂತು ಎಲ್ಲದಕ್ಕೂ ತಲೆಯಾಡಿಸಿದರು. ಹೊರಡುವ ಹೊತ್ತಿಗೆ ಆಕೆ ಎದ್ದು ಬಾಗಿಲವರೆಗೆ ಬಂದರು. ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿಯಾಗಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

ನನ್ನ ಸ್ಯಾಂಡಲ್ಲಿಗೆ ಬಕಲ್ ಇದೆ. ನಾನು ಮೆಟ್ಟಿಲ ಮೇಲೆ ಕೂತೆ.

"ರಾಹೇಲಮ್ಮಂಗೆ ಹೇಳಿದ್ದು ನಾನೇ ಡಾಕ್ಟ್ರಮ್ಮ," ಎಂದರು ಆಕೆ, ಬಾಗಿಲ ಚೌಕಟ್ಟು ಹಿಡಿದುಕೊಂಡು.

ನಾನು ತಲೆ ಎತ್ತಲಿಲ್ಲ.

"ಅವರ ಕೋಟಿನ ಜೇಬಲ್ಲಿ ಮಾತ್ರೆ ಸಿಕ್ತು. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ತಲೆಗೆ ಕೊಡೋದು ಅಂದ್ರು. ಕೈ ಕಾಲೇ ಆಡ್ಲಿಲ್ಲ. ಯಾರಿಗೆ ಹೇಳ್ಲಿ? ಸಭೇಲಿ ಯಾರಿಗೆ ಏನಾದ್ರೂ ಅಯ್ಯನವರ ಹತ್ರ ಓಡ್ಬರ್ತಾರೆ. ನಂಗ್ಯಾರಿದ್ರು ಅಯ್ಯನವರು? ಯಾರಿಗೂ ಹೇಳ್ಬೇಡಿ ಅಕ್ಕ, ನೀವೊಬ್ರೇ ಮನೇಲಿ ಪ್ರಾರ್ಥನೆ ಮಾಡಿ ಅಂತ ಬೇಡ್ಕೊಂಡೆ."

"ಅಯ್ಯನವರಿಗೆ ಗೊತ್ತಿತ್ತಾ?"

"ಗೊತ್ತಾಗಿತ್ತು. ನನ್ನ ಮುಖ ನೋಡಿದ್ರು ಅವತ್ತು, ಅಷ್ಟೇ. ಬೈಲಿಲ್ಲ. ಸಾಯೋವರ್ಗೂ ಒಂದ್ಮಾತು ಎತ್ಲಿಲ್ಲ."

"ಮಾತ್ರೆ ಸಿಕ್ಕ ದಿನ ಅವರನ್ನೇ ಕೇಳಬಹುದಿತ್ತಲ್ಲಮ್ಮ," ಅಂದೆ. ಅನ್ನಬಾರದಿತ್ತೇನೋ, ಬಾಯಿಗೆ ಬಂತು.

ಆಕೆ ಬಕಲ್ ಮೇಲಿದ್ದ ನನ್ನ ಕೈಯನ್ನು ನೋಡಿದರು.

"ಊರೋರ ಮನೆ ಬಾಗ್ಲಲ್ಲಿ ಅಷ್ಟೊತ್ತು ಷೂ ಕಟ್ಕೋತಾ ಕೂತಿರ್ತಿದ್ರಂತೆ," ಅಂದರು. "ಮಣ್ಣಿನ ದಿನ ಎಲ್ರೂ ಅದನ್ನೇ ಹೇಳಿದ್ರು. ನಮ್ಮನೆ ಬಾಗ್ಲಲ್ಲಿ ಒಂದ್ ದಿನಾನೂ ಕೂತು ಕಟ್ಕೊಂಡೋರಲ್ಲ ಡಾಕ್ಟ್ರಮ್ಮ. ಲೇಸ್ ಎಳ್ಕೊಂಡೇ ಇಳ್ದು ಹೋಗ್ತಿದ್ರು. ಯಾವಾಗ ಕೇಳ್ಲಿ ನಾನು?"

ನನ್ನ ಬಕಲ್ ಆಗಲೇ ಹಾಕಿ ಮುಗಿದಿತ್ತು. ಮತ್ತೆ ಬಿಚ್ಚಿದೆ.